ಹಳೆಯ ಡೀಸೆಲ್ ಕಾರಿನ ರಿಪೇರಿ: ಪಂಪಿಗೆ ಕೈ ಹಾಕುವ ಮೊದಲು

ಹಳೆಯ ಡೀಸೆಲ್ ಕಾರು ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ ಎಂದರೆ ಬಹುತೇಕರ ಮೊದಲ ಅನುಮಾನ, ಡೀಸೆಲನ್ನು ಒತ್ತಡದಲ್ಲಿ ಸಿಲಿಂಡರಿಗೆ ಕಳಿಸುವ ಇಂಜೆಕ್ಷನ್ ಪಂಪಿನ ಮೇಲೆ. ಪಂಪ್ ಕೆಡುವುದೇ ಇಲ್ಲ ಅಂತೇನಲ್ಲ. ಆದರೆ ಕೆಡುವ ಭಾಗಗಳ ಸಾಲಿನಲ್ಲಿ ಅದು ತೀರ ಹಿಂದೆ ನಿಂತಿದೆ. ಅದರ ಮುಂದೆ ತುಕ್ಕು ಹಿಡಿದ ಅರ್ತ್ ತಂತಿ ಇದೆ, ಸುಟ್ಟುಹೋದ ಹೀಟರ್ ಪ್ಲಗ್ (ಸಿಲಿಂಡರಿನೊಳಗೆ ಕಾವು ಕೊಡುವ ಗ್ಲೋ ಪ್ಲಗ್) ಇದೆ, ಕೂದಲೆಳೆಯಷ್ಟು ಬಿರುಕು ಬಿಟ್ಟ ರಬ್ಬರ್ ಪೈಪ್ ಇದೆ. ಇವನ್ನೆಲ್ಲ ಮನೆಯಂಗಳದಲ್ಲೇ ಒಂದು ಮಲ್ಟಿಮೀಟರ್, ನಾಲ್ಕಾರು ಸ್ಪ್ಯಾನರ್ ಮತ್ತು ಒಂದಡಿ ಪಾರದರ್ಶಕ ಪೈಪ್ ಇಟ್ಟುಕೊಂಡು ಪತ್ತೆ ಮಾಡಬಹುದು. ಹುಡುಕುವ ಕ್ರಮ ಸರಿಯಿದ್ದರೆ ಸಾಕು.

ಇಲ್ಲಿ ಹೇಳುವುದು ಮೆಕ್ಯಾನಿಕಲ್ ಪಂಪ್ ಇರುವ ಇಂಜಿನ್‌ಗಳಿಗೆ ಮಾತ್ರ: ಬಾಷ್ ವಿಇ ಮಾದರಿಯ ರೋಟರಿ ಪಂಪ್, ಸಿಎವಿ ರೋಟರಿ ಪಂಪ್, ಅಥವಾ ಹಳೆಯ ಮರ್ಸಿಡಿಸ್‌ಗಳಲ್ಲಿರುವಂಥ ಇನ್‌ಲೈನ್ ಪಂಪ್. 1997ರಿಂದ ಕಾರುಗಳಿಗೆ ಬಂದ, ಎಲ್ಲ ಸಿಲಿಂಡರಿಗೂ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಇಂಜಿನ್‌ಗೆ ಇದನ್ನು ಅನ್ವಯಿಸಲೇಬೇಡಿ. ಅದರ ಪೈಪುಗಳಲ್ಲಿ ಸಾವಿರ ಬಾರ್ ಮೀರಿದ ಒತ್ತಡ ಇರುತ್ತದೆ. ಇಂಜಿನ್ ಓಡುವಾಗ ನಟ್ ಸಡಿಲಿಸಿದರೆ ಜೀವಕ್ಕೇ ಅಪಾಯ.

ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಇಲ್ಲ. ಗಾಳಿಯನ್ನು ಅದರ ಗಾತ್ರದ ಇಪ್ಪತ್ತನೇ ಒಂದು ಭಾಗಕ್ಕೆ ಒತ್ತಿದಾಗ ಅದು 500 ಡಿಗ್ರಿ ದಾಟಿ ಕಾಯುತ್ತದೆ, ಆ ಕಾವಿಗೆ ಡೀಸೆಲ್ ಸಿಂಪಡಿಸಿದರೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಸ್ಟಾರ್ಟ್ ಆಗಲು ಬೇಕಾದದ್ದು ಇಷ್ಟೇ: ವೇಗವಾಗಿ ತಿರುಗುವ ಇಂಜಿನ್, ಕಾವು, ಗಾಳಿಗುಳ್ಳೆ ಇಲ್ಲದ ಡೀಸೆಲ್, ಸೋರದ ಸಿಲಿಂಡರ್. ಇದೇ ಕ್ರಮದಲ್ಲಿ ಹುಡುಕಿ, ಏಕೆಂದರೆ ಪರೀಕ್ಷೆಯ ಕಷ್ಟವೂ ಇದೇ ಕ್ರಮದಲ್ಲಿ ಹೆಚ್ಚುತ್ತಾ ಹೋಗುತ್ತದೆ.

ಕೆಲಸಕ್ಕಿಳಿಯುವ ಮುನ್ನ ಒಂದೆರಡು ಎಚ್ಚರಿಕೆ. ಸಿಲಿಂಡರಿಗೆ ಸಿಂಪಡಿಸುವ ನಾಜಲ್‌ನಿಂದ ಚಿಮ್ಮುವ ಡೀಸೆಲ್ 120 ಬಾರ್‌ಗೂ ಮೀರಿದ ಒತ್ತಡದಲ್ಲಿರುತ್ತದೆ, ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಇಳಿಯುತ್ತದೆ. ಹೊರಗೆ ಕಾಣುವುದು ಸಣ್ಣ ಚುಕ್ಕೆ, ಒಳಗೆ ಕೊಳೆಯುವುದು ಇಡೀ ಬೆರಳು. ಹಾಗೇನಾದರೂ ಆದರೆ ನೋವು ಶುರುವಾಗಲಿ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ. ಕನ್ನಡಕ, ಕೈಗವಸು ಹಾಕಿಕೊಳ್ಳಿ. ಸೋರಿದ ಡೀಸೆಲ್ ಟೈಮಿಂಗ್ ಬೆಲ್ಟ್ ಮೇಲಾಗಲಿ, ರೇಡಿಯೇಟರ್ ಹೋಸ್ ಮೇಲಾಗಲಿ ಉಳಿಯದಂತೆ ಒರೆಸಿ. ಅದು ರಬ್ಬರನ್ನು ಮೆತ್ತಗೆ ಮಾಡಿ ಹಾಳುಗೆಡವುತ್ತದೆ.

ಸೆಲ್ಫ್ ಹೊಡೆತ

ಸೆಲ್ಫ್ ಎಳೆದೆಳೆದು ತಿರುಗುತ್ತಿದ್ದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ. ನಿಧಾನವಾಗಿ ಒತ್ತಿದ ಗಾಳಿ ಪಿಸ್ಟನ್ ರಿಂಗ್ ಸಂದಿಯಲ್ಲಿ ಸೋರುತ್ತದೆ, ಅದರ ಕಾವನ್ನು ತಣ್ಣನೆಯ ಬ್ಲಾಕ್ ಹೀರಿಕೊಳ್ಳುತ್ತದೆ. ಡೀಸೆಲ್ ಹೊತ್ತಿಕೊಳ್ಳಲು ನಿಮಿಷಕ್ಕೆ ಕನಿಷ್ಠ 150–200 ಸುತ್ತು ಬೇಕು.

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.2ಕ್ಕಿಂತ ಕಡಿಮೆಯಿದ್ದರೆ ಮೊದಲು ಚಾರ್ಜ್ ಮಾಡಿ. ಬಳಿಕ ಸೆಲ್ಫ್ ಹೊಡೆಯುತ್ತಿರುವಾಗಲೇ ನೋಡಿ: 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತಿದೆ. ಬ್ಯಾಟರಿಯಲ್ಲಿ 10.5 ನಿಂತಿದ್ದೂ ಇಂಜಿನ್ ನಿಧಾನವಾಗಿ ತಿರುಗಿದರೆ ದೋಷ ಕೇಬಲ್‌ನಲ್ಲಿ ಇರುವ ಸಂಭವ ಹೆಚ್ಚು. ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಇಂಜಿನ್ ಬ್ಲಾಕ್‌ನ ಬರಿ ಲೋಹಕ್ಕೆ ಒತ್ತಿ ಸೆಲ್ಫ್ ಹೊಡೆಸಿ. 0.5 ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ತ್ ಕೇಬಲ್ ಬಿಚ್ಚಿ, ಎರಡೂ ತುದಿಯನ್ನು ಎಮರಿ ಪೇಪರ್‌ನಲ್ಲಿ ಹೊಳೆಯುವಂತೆ ಉಜ್ಜಿ ಮತ್ತೆ ಬಿಗಿಯಿರಿ. ಪಾಸಿಟಿವ್ ಕಂಬ ಮತ್ತು ಸೆಲ್ಫ್ ಮೋಟಾರಿನ ದಪ್ಪ ಬೋಲ್ಟ್ ನಡುವೆಯೂ ಇದೇ ಲೆಕ್ಕ. ಕೇಬಲ್ ಹೊರಗೆ ಚೆನ್ನಾಗಿ ಕಂಡರೂ ಲಗ್ ಕಚ್ಚಿದ ಕಡೆ ಹಸಿರುಗಟ್ಟಿ ಒಳಗೊಳಗೇ ಸತ್ತಿರುತ್ತದೆ. ಸೆಲ್ಫ್ ಹೊಡೆದ ಮೇಲೆ ಮುಟ್ಟಿ ನೋಡಿದರೆ ಆ ಜಾಗ ಬಿಸಿಯಾಗಿರುತ್ತದೆ.

ಹೀಟರ್ ಪ್ಲಗ್

ಸೆಲ್ಫ್ ಚುರುಕಾಗಿ ತಿರುಗುತ್ತದೆ, ಸೈಲೆನ್ಸರ್‌ನಿಂದ ಹಸಿ ಡೀಸೆಲ್ ವಾಸನೆಯ ಬಿಳಿ ಹೊಗೆ ಬರುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಅಂದರೆ ಡೀಸೆಲ್ ಸಿಲಿಂಡರ್ ತಲುಪುತ್ತಿದೆ, ಕಾವು ಸಾಲುತ್ತಿಲ್ಲ. ಪ್ರಿ-ಚೇಂಬರ್ (ಡೀಸೆಲ್ ಮೊದಲು ಹೊತ್ತಿಕೊಳ್ಳುವ ಸಣ್ಣ ಕೋಣೆ) ಇರುವ ಹಳೆಯ ಇಂಜಿನ್‌ಗಳಿಗೆ ಗ್ಲೋ ಪ್ಲಗ್ ಇಲ್ಲದೆ ತಣ್ಣಗಿರುವಾಗ ಸ್ಟಾರ್ಟ್ ಆಗುವುದೇ ಕಷ್ಟ.

ಪ್ಲಗ್‌ಗಳ ಮೇಲಿನ ತಂತಿ ಅಥವಾ ಜೋಡಣೆಯ ಪಟ್ಟಿ ತೆಗೆಯಿರಿ. ಒಂದೊಂದೇ ಪ್ಲಗ್‌ನ ತುದಿಗೂ ಬ್ಲಾಕ್‌ಗೂ ನಡುವೆ ಓಮ್ ಅಳೆಯಿರಿ. ತಣ್ಣನೆಯ ಒಳ್ಳೆಯ ಪ್ಲಗ್ ಸುಮಾರು 0.5ರಿಂದ 1.5 ಓಮ್ ತೋರಿಸುತ್ತದೆ. ಮೀಟರಿನ ಎರಡೂ ಕಡ್ಡಿಗಳನ್ನು ಪರಸ್ಪರ ಮುಟ್ಟಿಸಿ ಬರುವ ಅಂಕಿಯನ್ನು ಮೊದಲು ಕಳೆಯಲು ಮರೆಯಬೇಡಿ. ಅಗ್ಗದ ಮೀಟರ್‌ನಲ್ಲಿ ಅದೇ 0.4 ಇರುತ್ತದೆ. ಮೀಟರ್ ಅಲುಗಾಡದಿದ್ದರೆ ಆ ಪ್ಲಗ್ ಸತ್ತಿದೆ. ಮೀಟರ್ ಇಲ್ಲದಿದ್ದರೆ 12 ವೋಲ್ಟ್ ಟೆಸ್ಟ್ ಲ್ಯಾಂಪನ್ನು ಬ್ಯಾಟರಿ ಪಾಸಿಟಿವ್ ಮತ್ತು ಪ್ಲಗ್ ತುದಿಯ ನಡುವೆ ಹಿಡಿಯಿರಿ, ಬಲ್ಬ್ ಉರಿದರೆ ಪ್ಲಗ್ ಬದುಕಿದೆ. ತೀರ ಹಳೆಯ, ತಂತಿ ಸುರುಳಿ ಹೊರಗೆ ಕಾಣುವ ಪ್ಲಗ್‌ಗಳು ಸರಣಿಯಲ್ಲಿ ಜೋಡಣೆಯಾಗಿರುತ್ತವೆ. ಅಲ್ಲಿ ಒಂದು ಸುಟ್ಟರೆ ಎಲ್ಲವೂ ನಿಲ್ಲುತ್ತವೆ.

ಪ್ಲಗ್‌ಗಳೆಲ್ಲ ಸರಿಯಿದ್ದೂ ಕಾಯದಿದ್ದರೆ, ಕೀ ತಿರುಗಿಸಿದಾಗ ಪಟ್ಟಿಗೆ 11 ವೋಲ್ಟ್‌ನಷ್ಟಾದರೂ ಬರುತ್ತಿದೆಯೇ ನೋಡಿ. ಬರದಿದ್ದರೆ ರಿಲೇ ಅಥವಾ 50–80 ಆಂಪಿಯರ್‌ನ ಪಟ್ಟಿ ಫ್ಯೂಸ್. ಈ ಫ್ಯೂಸ್ ಕೂದಲಿನಂಥ ಬಿರುಕು ಬಿಟ್ಟು ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಬೆರಳಿನಿಂದ ಒತ್ತಿದಾಗಷ್ಟೇ ತಿಳಿಯುತ್ತದೆ.

ಪ್ಲಗ್ ಬಿಚ್ಚುವುದು ಇಂಜಿನ್ ಬೆಚ್ಚಗಿರುವಾಗ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬಿಗಿ ಅನ್ನಿಸಿದರೆ ಕಾಲು ಸುತ್ತು ಹಿಂದೆ, ಕಾಲು ಸುತ್ತು ಮುಂದೆ ಆಡಿಸುತ್ತಾ ಬನ್ನಿ. ಬಲ ಹಾಕಿ ಮುರಿದರೆ ಹೆಡ್ ಇಳಿಸಬೇಕಾಗಬಹುದು. ಹೊಸದನ್ನು 10 ಮಿ.ಮೀ. ಥ್ರೆಡ್ಡಿಗೆ 15 ನ್ಯೂಟನ್ ಮೀಟರ್, 12 ಮಿ.ಮೀ. ಥ್ರೆಡ್ಡಿಗೆ 20–25 ನ್ಯೂಟನ್ ಮೀಟರ್ ಆಸುಪಾಸಿನಲ್ಲಿ ಬಿಗಿದರೆ ಸಾಕು. ಹೊರತೆಗೆದ ಪ್ಲಗ್‌ನ ಮೂತಿ ಕರಗಿದ್ದರೆ ಅಥವಾ ಊದಿದ್ದರೆ ಆ ಸಿಲಿಂಡರಿನ ನಾಜಲ್ ಸಿಂಪಡಿಸುವ ಬದಲು ಧಾರೆ ಸುರಿಸುತ್ತಿದೆ ಎಂದು ಅನುಮಾನಿಸಿ, ಅದನ್ನು ಸರಿಪಡಿಸದೆ ಹೊಸ ಪ್ಲಗ್ ಹಾಕಿದರೆ ಅದೂ ಅದೇ ಗತಿ ಕಾಣುತ್ತದೆ.

ಸ್ಟಾರ್ಟ್ ಮಾಡಲು ಈಥರ್ ಸ್ಪ್ರೇ ಹೊಡೆಯುವ ಅಭ್ಯಾಸ ಕೆಲವರಿಗಿದೆ. ಗ್ಲೋ ಪ್ಲಗ್ ಇರುವ ಇಂಜಿನ್‌ಗೆ ಅದು ಬೇಡವೇ ಬೇಡ. ಕೆಂಪಗೆ ಕಾದ ಪ್ಲಗ್‌ಗೆ ತಾಗಿ ಈಥರ್ ಅಕಾಲದಲ್ಲಿ ಸಿಡಿಯುತ್ತದೆ. ಪಿಸ್ಟನ್, ರಿಂಗ್ ಒಡೆಯುತ್ತವೆ.

ಪೈಪಿನೊಳಗಿನ ಗಾಳಿ

ನಿಮ್ಮ ಸಮಯದ ಹೆಚ್ಚಿನ ಪಾಲು ಇಲ್ಲೇ ಹೋಗುತ್ತದೆ, ಹೋಗಲಿ. ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿ ಡೀಸೆಲನ್ನು ಯಾರೂ ನೂಕುವುದಿಲ್ಲ, ಮುಂದಿನ ಪಂಪ್ ಎಳೆದುಕೊಳ್ಳುತ್ತದೆ. ಎಳೆಯುವ ದಾರಿಯಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಸೋರದೆ ಗಾಳಿ ಒಳಗೆ ಬರುತ್ತದೆ. ನೆಲದ ಮೇಲೆ ಒಂದು ಹನಿಯೂ ಇರುವುದಿಲ್ಲ, ಆದ್ದರಿಂದ ಯಾರಿಗೂ ಅನುಮಾನವೂ ಬರುವುದಿಲ್ಲ. ಗಾಳಿಗುಳ್ಳೆ ಸ್ಪಂಜಿನಂತೆ ಕುಗ್ಗುತ್ತದೆ. ಪಂಪ್ ಎಷ್ಟೇ ಒತ್ತಿದರೂ ನಾಜಲ್ ತೆರೆಯುವಷ್ಟು ಒತ್ತಡ ಹುಟ್ಟುವುದಿಲ್ಲ.

ಇದರ ಲಕ್ಷಣ ಸ್ಪಷ್ಟ. ಸಂಜೆ ಚೆನ್ನಾಗಿ ಓಡಿದ ಕಾರು ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಸುತ್ತದೆ, ಹೊಗೆಯೇ ಇರುವುದಿಲ್ಲ, ಆಮೇಲೆ ತಡವರಿಸುತ್ತಾ ಹಿಡಿಯುತ್ತದೆ. ಅಥವಾ ಹಿಡಿದ ಕೂಡಲೇ ಒಮ್ಮೆ ನಿಂತು ಮತ್ತೆ ಸ್ಟಾರ್ಟ್ ಆಗುತ್ತದೆ. ಖಾತ್ರಿಪಡಿಸಿಕೊಳ್ಳಲು ಉಪಕರಣವೇ ಬೇಡ: ಒಂದು ರಾತ್ರಿ ಕಾರಿನ ಮೂತಿ ಇಳಿಜಾರಿನ ಕಡೆಗೆ ಇರುವಂತೆ, ಇನ್ನೊಂದು ರಾತ್ರಿ ಏರಿನ ಕಡೆಗೆ ಇರುವಂತೆ ನಿಲ್ಲಿಸಿ. ಮೂತಿ ಕೆಳಗಿದ್ದಾಗ ಸುಲಭವಾಗಿ, ಮೇಲಿದ್ದಾಗ ಕಷ್ಟದಲ್ಲಿ ಸ್ಟಾರ್ಟ್ ಆದರೆ ಗಾಳಿ ಒಳನುಗ್ಗಿ ಡೀಸೆಲ್ ಟ್ಯಾಂಕಿಗೆ ಇಳಿದುಹೋಗುತ್ತಿದೆ.

ಈಗ ಪಾರದರ್ಶಕ ಪೈಪಿನ ಕೆಲಸ. ಫಿಲ್ಟರ್‌ಗೂ ಪಂಪಿಗೂ ನಡುವಿನ ರಬ್ಬರ್ ಹೋಸ್ ತೆಗೆದು, ಅದೇ ಒಳವ್ಯಾಸದ (ಸಾಮಾನ್ಯವಾಗಿ 8 ಮಿ.ಮೀ.) ಪಾರದರ್ಶಕ ಹೋಸ್ ಹಾಕಿ ಕ್ಲ್ಯಾಂಪ್ ಬಿಗಿಯಿರಿ. ಸ್ಟಾರ್ಟ್ ಆದ ಅರೆ ನಿಮಿಷ ಒಂದೆರಡು ಗುಳ್ಳೆ ಹಾದರೆ ತಲೆಕೆಡಿಸಿಕೊಳ್ಳಬೇಡಿ. ಬಿಡದೆ ಹರಿಯುವ ಗುಳ್ಳೆಸಾಲು ಮಾತ್ರ ರೋಗ. ಇದೇ ಹೋಸನ್ನು ಫಿಲ್ಟರಿಗೆ ಡೀಸೆಲ್ ಬರುವ ಬದಿಗೆ, ನಂತರ ಟ್ಯಾಂಕಿನ ಕಡೆಗೆ ಸರಿಸುತ್ತಾ ಬಂದರೆ ಗುಳ್ಳೆ ಎಲ್ಲಿ ಶುರುವಾಗುತ್ತದೆ ಎಂಬುದು ಕಾಣುತ್ತದೆ. ತಪಾಸಣೆ ಮುಗಿದ ಮೇಲೆ ಡೀಸೆಲ್‌ಗೆ ತಡೆಯುವ ಸರಿಯಾದ ರಬ್ಬರ್ ಹೋಸನ್ನೇ ಮರಳಿ ಹಾಕಿ; ಸಾಮಾನ್ಯ ಪಾರದರ್ಶಕ ಪ್ಲಾಸ್ಟಿಕ್ ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ಜಾರುತ್ತದೆ.

ಗಾಳಿ ನುಗ್ಗುವ ಜಾಗಗಳು ಹೆಚ್ಚಿಲ್ಲ. ನಾಜಲ್‌ಗಳ ನಡುವಿನ ಸಣ್ಣ ರಿಟರ್ನ್ ಹೋಸ್‌ಗಳನ್ನು (ಮಿಕ್ಕ ಡೀಸೆಲನ್ನು ಮರಳಿಸುವವು) ಮೊದಲು ನೋಡಿ: ಒಳವ್ಯಾಸ 3.2 ಮಿ.ಮೀ. ಆಸುಪಾಸಿನ, ಬಟ್ಟೆ ಹೆಣೆದ ಹೋಸ್. ಬಾಗಿಸಿದಾಗ ಬಿರುಕು ಕಂಡರೆ ಅಥವಾ ಬಟ್ಟೆ ಒದ್ದೆಯಿದ್ದರೆ ಒಂದೇ ಮೀಟರ್ ತಂದು ಎಲ್ಲವನ್ನೂ ಬದಲಿಸಿ, ಕೊನೆಯ ನಾಜಲ್‌ನ ಮುಚ್ಚಳವನ್ನೂ. ಎಲ್ಲ ರಿಪೇರಿಗಳಲ್ಲಿ ಅತಿ ಅಗ್ಗದ್ದು ಇದು, ಅತಿ ಹೆಚ್ಚು ಕಾರುಗಳನ್ನು ಬದುಕಿಸುವುದೂ ಇದೇ. ಆಮೇಲೆ ಫಿಲ್ಟರ್: ಬದಲಿಸುವಾಗ ಹಳೆಯ ರಬ್ಬರ್ ರಿಂಗ್ ಮೇಲೆಯೇ ಅಂಟಿಕೊಂಡು ಹೊಸದು ಅದರ ಮೇಲೆ ಕೂತಿರುತ್ತದೆ. ಕೈಯಿಂದ ಒತ್ತಿ ಡೀಸೆಲ್ ಎಳೆಯುವ ಹ್ಯಾಂಡ್ ಪ್ರೈಮರ್‌ನ ಒಳಸೀಲು, ಬ್ಯಾಂಜೋ ಬೋಲ್ಟ್‌ನ (ಪೈಪನ್ನು ಹಿಡಿದಿಡುವ, ಒಳಗೆ ಟೊಳ್ಳಿರುವ ಬೋಲ್ಟ್) ತಾಮ್ರದ ವಾಷರ್, ಟ್ಯಾಂಕಿನ ಮೇಲಿನ ತುಕ್ಕು ಹಿಡಿದ ಪೈಪ್, ಇವಿಷ್ಟೂ ಸಾಲಾಗಿ. ತಾಮ್ರದ ವಾಷರನ್ನು ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಬಳಸಬೇಡಿ.

ಬಾಷ್ ವಿಇ ಪಂಪಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಡೀಸೆಲ್ ಹೊರಹೋಗುವ ಕಡೆಯ ಬ್ಯಾಂಜೋ ಬೋಲ್ಟ್ ಮೇಲೆ ‘ಔಟ್’ ಎಂದು ಕೆತ್ತಿರುತ್ತದೆ, ಅದರೊಳಗೆ ಸೂಜಿಮೊನೆಯಷ್ಟು ಸಣ್ಣ ರಂಧ್ರವಿದೆ. ಪಂಪಿನ ಒಳಗಿನ ಒತ್ತಡ ಹಿಡಿದಿಡುವುದು ಆ ರಂಧ್ರ. ಅದನ್ನು ಒಳಬರುವ ಕಡೆ ಅದಲುಬದಲು ಮಾಡಿ ಹಾಕಿದರೆ ಪಂಪಿಗೆ ಡೀಸೆಲ್ ಸಾಲದೆ ಕಾರು ಉಸಿರುಕಟ್ಟಿದಂತೆ ಓಡುತ್ತದೆ, ಹುಡುಕುವವರು ತಿಂಗಳುಗಟ್ಟಲೆ ಹುಡುಕುತ್ತಾರೆ. ಎರಡನ್ನೂ ಒಟ್ಟಿಗೆ ಬಿಚ್ಚಬೇಡಿ.

ಎಲ್ಲಿ ಎಂದು ಇನ್ನೂ ತಿಳಿಯದಿದ್ದರೆ ಐದು ಲೀಟರ್ ಕ್ಯಾನ್‌ನಲ್ಲಿ ಶುದ್ಧ ಡೀಸೆಲ್ ತುಂಬಿ, ಪಂಪಿಗಿಂತ ಎತ್ತರದಲ್ಲಿ ಭದ್ರವಾಗಿ ಇಟ್ಟು, ಫಿಲ್ಟರ್‌ಗೆ ಬರುವ ಪೈಪ್ ಮತ್ತು ರಿಟರ್ನ್ ಪೈಪ್ ಎರಡನ್ನೂ ಆ ಕ್ಯಾನಿಗೆ ಇಳಿಬಿಡಿ. ಕಾರು ಸರಿಯಾಗಿ ಓಡಿತೋ, ದೋಷ ಕ್ಯಾನಿನಿಂದ ಹಿಂದೆ, ಅಂದರೆ ಟ್ಯಾಂಕ್ ಮತ್ತು ಉದ್ದದ ಪೈಪಿನಲ್ಲಿದೆ. ಆಗಲೂ ಓಡದಿದ್ದರೆ ಫಿಲ್ಟರಿನಲ್ಲಿ ಅಥವಾ ಅದರಿಂದ ಮುಂದೆ.

ಕಾರು ಅರ್ಧ ಗಂಟೆ ಓಡಿ ಶಕ್ತಿ ಕುಂದಿ ನಿಂತು, ಹತ್ತು ನಿಮಿಷ ಬಿಟ್ಟು ಮತ್ತೆ ಓಡಿದರೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಉಸ್ಸೆಂದು ಗಾಳಿ ಒಳಗೆ ಎಳೆದುಕೊಂಡರೆ ಟ್ಯಾಂಕ್ ಉಸಿರಾಡುವ ರಂಧ್ರ ಕಟ್ಟಿದೆ. ಉಸ್ಸೆನ್ನದಿದ್ದರೆ ಟ್ಯಾಂಕಿನೊಳಗಿನ ಜಾಲರಿ ಲೋಳೆ ಕಟ್ಟಿರಬಹುದು. ಡೀಸೆಲ್ ಮತ್ತು ತಳದ ನೀರು ಸೇರುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತದೆ. ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಸ್ವಲ್ಪ ಡೀಸೆಲನ್ನು ಗಾಜಿನ ಬಾಟಲಿಗೆ ಹಿಡಿದು ಕಾಲು ಗಂಟೆ ಬಿಟ್ಟರೆ ನೀರು ಕೆಳಗೆ ನಿಂತದ್ದು ಕಾಣುತ್ತದೆ.

ಏರ್ ತೆಗೆಯುವ ಕ್ರಮ

ಸೋರಿಕೆ ಮುಚ್ಚಿದ ಮೇಲೆ ಒಳಗಿನ ಗಾಳಿ ಹೊರಹಾಕಬೇಕು.

1. ಹೊಸ ಫಿಲ್ಟರ್ ಆದರೆ ಶುದ್ಧ ಡೀಸೆಲನ್ನು ಕಂಠಮಟ್ಟ ತುಂಬಿಯೇ ಕೂರಿಸಿ, ರಬ್ಬರ್ ರಿಂಗಿಗೂ ಡೀಸೆಲ್ ಸವರಿ.

2. ಫಿಲ್ಟರ್ ತಲೆಯ ಬ್ಲೀಡ್ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ, ಪ್ರೈಮರ್ ಒತ್ತುತ್ತಾ ಇರಿ. ಮೊದಲು ನೊರೆ, ನಂತರ ಗುಳ್ಳೆಯಿಲ್ಲದ ಧಾರೆ ಬರುತ್ತದೆ. ಧಾರೆ ಬರುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಪ್ರೈಮರ್ ಕೈಗೆ ಗಟ್ಟಿಯಾಗುವವರೆಗೆ ಒತ್ತಿ.

3. ನಾಜಲ್‌ಗಳ ಕಡೆಯ ಪೈಪ್ ನಟ್‌ಗಳನ್ನು (ಹೆಚ್ಚಾಗಿ 17 ಮಿ.ಮೀ., ಕೆಲವಲ್ಲಿ 14) ಅರ್ಧದಿಂದ ಒಂದು ಸುತ್ತು ಸಡಿಲಿಸಿ, ಸುತ್ತ ಬಟ್ಟೆ ಇಡಿ.

4. ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಸಿ, ಒಂದು ಬಾರಿಗೆ 15 ಸೆಕೆಂಡ್ ಮಾತ್ರ. ನಡುವೆ ಒಂದು ನಿಮಿಷ ಸೆಲ್ಫ್ ಮೋಟಾರ್ ತಣಿಯಲಿ. ಎಲ್ಲ ನಟ್‌ಗಳಲ್ಲೂ ಡೀಸೆಲ್ ಚಿಮ್ಮಿದ ಮೇಲೆ 25 ನ್ಯೂಟನ್ ಮೀಟರ್ ಸುಮಾರಿಗೆ ಬಿಗಿದು, ಗ್ಲೋ ಪ್ಲಗ್ ಕಾಯಿಸಿ ಸ್ಟಾರ್ಟ್ ಮಾಡಿ.

ಎಷ್ಟು ಹೊಡೆಸಿದರೂ ನಟ್‌ಗಳಲ್ಲಿ ಹನಿಯೂ ಬಾರದಿದ್ದರೆ, ರೋಟರಿ ಪಂಪಿನಲ್ಲಿ ಸ್ಟಾಪ್ ಸೊಲೆನಾಯ್ಡ್ (ಕೀ ಆಫ್ ಆದಾಗ ಡೀಸೆಲ್ ತಡೆಯುವ ವಿದ್ಯುತ್ ಕವಾಟ) ನೋಡಿ. ಕೀ ಆನ್ ಮಾಡಿದಾಗ ಪಂಪಿನ ಹಿಂಭಾಗದಲ್ಲಿ ‘ಟಕ್’ ಎನ್ನಬೇಕು. ಎನ್ನದಿದ್ದರೆ ಅದರ ತಂತಿ ಕಳಚಿ, ಬ್ಯಾಟರಿ ಪಾಸಿಟಿವ್‌ನಿಂದ ನೇರ ತಂತಿ ಕೊಡಿ. ಆಗ ಟಕ್ ಎಂದರೆ ದೋಷ ವೈರಿಂಗ್‌ನಲ್ಲಿ ಅಥವಾ ಕೀ ಸ್ವಿಚ್‌ನಲ್ಲಿದೆ. ನೇರ ತಂತಿಯಲ್ಲೇ ಕಾರು ಓಡಿಸಿಕೊಂಡಿರಬೇಡಿ, ಕೀಯಿಂದ ಇಂಜಿನ್ ನಿಲ್ಲುವುದಿಲ್ಲ.

ಸ್ಟಾರ್ಟ್ ಆದ ಮೇಲಿನ ಮಿಸ್ಸಿಂಗ್

ಇಂಜಿನ್ ಕುಂಟುತ್ತಿದ್ದರೆ ಯಾವ ಸಿಲಿಂಡರ್ ಎಂದು ತಿಳಿಯಲು ಐಡಲ್‌ನಲ್ಲಿ ಒಂದೊಂದೇ ನಾಜಲ್ ನಟ್ ಅರ್ಧ ಸುತ್ತು ಸಡಿಲಿಸಿ, ಬಟ್ಟೆ ಮುಚ್ಚಿ. ಇಂಜಿನ್ ಸದ್ದು ಇನ್ನಷ್ಟು ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಏನೂ ಬದಲಾಗದಿದ್ದರೆ ಸೋಮಾರಿ ಅದೇ. ಸುತ್ತಿಗೆಯಿಂದ ಕುಟ್ಟಿದಂಥ ಒಂಟಿ ಬಡಿತ ಕೇಳುತ್ತಿದ್ದು ಒಂದು ನಟ್ ಸಡಿಲಿಸಿದ ಕೂಡಲೇ ಅದು ನಿಂತರೆ ಆ ನಾಜಲ್ ಅಂಟಿಕೊಳ್ಳುತ್ತಿದೆ. ಬೇರಿಂಗ್ ಹೋಗಿದೆ ಎಂದು ಇಂಜಿನ್ ಬಿಚ್ಚಿಸುವ ಮೊದಲು ಈ ಎರಡು ನಿಮಿಷದ ಪರೀಕ್ಷೆ ಮಾಡಲೇಬೇಕು.

ಸೋಮಾರಿ ಸಿಲಿಂಡರಿನ ನಾಜಲನ್ನು ಪಕ್ಕದ್ದರೊಂದಿಗೆ ಅದಲುಬದಲು ಮಾಡಿ. ದೋಷವೂ ಜೊತೆಗೆ ಹೋದರೆ ನಾಜಲ್, ಅಲ್ಲೇ ಉಳಿದರೆ ಕಂಪ್ರೆಷನ್ ಅಥವಾ ವಾಲ್ವ್. ತಿರುಪಿನ ಮಾದರಿಯ ನಾಜಲ್‌ಗೆ 27 ಮಿ.ಮೀ. ಉದ್ದದ ಸಾಕೆಟ್ ಬೇಕು, ಬಿಗಿತ ಸುಮಾರು 70 ನ್ಯೂಟನ್ ಮೀಟರ್. ಬಿಚ್ಚುವ ಮೊದಲು ಸುತ್ತಲಿನ ಕೊಳೆ ತೆಗೆಯಿರಿ. ಕೆಳಗಿನ ಶಾಖ ತಡೆಯುವ ವಾಷರ್ ಪ್ರತಿ ಸಲವೂ ಹೊಸದೇ ಆಗಬೇಕು, ಹಳೆಯದು ರಂಧ್ರದೊಳಗೆ ಉಳಿದಿಲ್ಲ ಎಂದು ಟಾರ್ಚ್ ಬಿಟ್ಟು ನೋಡಿ. ಉಬ್ಬುತಗ್ಗು ಇರುವ ವಾಷರ್ ಆದರೆ ಹಳೆಯದು ಯಾವ ಮುಖವಾಗಿ ಕೂತಿತ್ತೋ ಹಾಗೆಯೇ ಕೂರಿಸಿ. ನಾಜಲ್ ತೆರೆಯುವ ಒತ್ತಡ ಅಳೆಯಲು ಟೆಸ್ಟರ್ ಇರುವ ಪಂಪ್ ಅಂಗಡಿಗೇ ಕೊಡಿ. ಮನೆಯಲ್ಲಿ ಗಾಳಿಗೆ ಸಿಂಪಡಿಸಿ ನೋಡುವ ಸಾಹಸ ಬೇಡ.

ಹೊಗೆಯ ಬಣ್ಣ

ಕಪ್ಪು ಹೊಗೆ ಎಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು. ಏರ್ ಫಿಲ್ಟರ್, ಟರ್ಬೋ ಹೋಸ್‌ನ ಸೀಳು, ತೆರೆದೇ ಅಂಟಿದ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಒಳಗೆ ಬಿಡುವ ಕವಾಟ), ಆಮೇಲೆ ನಾಜಲ್. ಹಳೆಯ ಇಂಜಿನ್ ಆಕ್ಸಿಲರೇಟರ್ ಒತ್ತಿದಾಗ ಒಂದು ಗುಕ್ಕು ಕಪ್ಪು ಬಿಟ್ಟರೆ ಅದು ಸಹಜ. ಬಿಳಿ ಹೊಗೆ ಒಂದೆರಡು ನಿಮಿಷದಲ್ಲಿ ಹೋದರೆ ಗ್ಲೋ ಪ್ಲಗ್. ಕೂಲಂಟ್ ಇಳಿಯುತ್ತಾ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದೆ ಬಂದರೆ ಹೆಡ್ ಗ್ಯಾಸ್ಕೆಟ್. ನೀಲಿ ಎಂದರೆ ಆಯಿಲ್. ಬಹಳ ಹೊತ್ತು ಐಡಲ್ ಬಿಟ್ಟು ಒತ್ತಿದಾಗ ಬಂದರೆ ವಾಲ್ವ್ ಸೀಲು, ಏರು ಹತ್ತುವಾಗ ಬಂದರೆ ರಿಂಗ್.

ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಿದ್ದರೆ ಇಂಜಿನ್ ಓಡಿಸಲೇಬೇಡಿ. ಇಂಜಿನ್‌ಗೆ ಕೂಡಿಕೊಂಡಿರುವ ಫೀಡ್ ಪಂಪಿನ ಡಯಾಫ್ರಮ್ ಹರಿದು ಡೀಸೆಲ್ ಸಂಪ್‌ಗೆ (ತಳದ ಆಯಿಲ್ ತೊಟ್ಟಿಗೆ) ಇಳಿಯುತ್ತಿರಬಹುದು. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ, ಜೊತೆಗೆ ಅದು ಬ್ರೀದರ್ (ಇಂಜಿನ್ ಒಳಗಿನ ಆವಿ ಹೊರಬಿಡುವ ಪೈಪ್) ಮೂಲಕ ಸಿಲಿಂಡರ್ ಸೇರಿ ಇಂಜಿನ್ ಅದನ್ನೇ ಕುಡಿದು ಹುಚ್ಚೆದ್ದು ಓಡಬಹುದು. ಹಾಗಾದಾಗ ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ. ಗಾಳಿ ಒಳಹೋಗುವ ಬಾಯಿಗೆ ಗಟ್ಟಿ ಹಲಗೆ ಮುಚ್ಚಿ (ಕೈ ಅಥವಾ ಬಟ್ಟೆ ಬೇಡ, ಎಳೆದುಕೊಳ್ಳುತ್ತದೆ), ಇಲ್ಲವೇ ಬ್ರೇಕ್ ಪೂರ್ತಿ ಒತ್ತಿ ಮೇಲಿನ ಗೇರ್ ಹಾಕಿ ಕ್ಲಚ್ ಬಿಟ್ಟು ನಿಲ್ಲಿಸಿ.

ಕಂಪ್ರೆಷನ್, ಕೊನೆಗೆ ಪಂಪ್

ಕಂಪ್ರೆಷನ್ ಎಂದರೆ ಸಿಲಿಂಡರಿನಲ್ಲಿ ಒತ್ತಿದ ಗಾಳಿಯ ಒತ್ತಡ. ಅದನ್ನು ಅಳೆಯಲು ಪೆಟ್ರೋಲ್ ಕಾರಿನ ಗೇಜ್ ಸಾಲದು, 40 ಬಾರ್‌ವರೆಗೆ ಅಳೆಯುವಂಥದ್ದು ಮತ್ತು ಗ್ಲೋ ಪ್ಲಗ್ ರಂಧ್ರಕ್ಕೆ ಹೊಂದುವ ಅಡಾಪ್ಟರ್ ಬೇಕು. ಮೊದಲು ವಾಲ್ವ್ ಸಂದು ಸರಿಮಾಡಿ, ಇಂಜಿನ್ ಬೆಚ್ಚಗೆ ಮಾಡಿ, ಸ್ಟಾಪ್ ಸೊಲೆನಾಯ್ಡ್ ತಂತಿ ಕಳಚಿ, ಬ್ಯಾಟರಿ ತುಂಬಿರಲಿ. ಪ್ರತಿ ಸಿಲಿಂಡರಿಗೂ ಸೆಲ್ಫ್‌ನಲ್ಲಿ 6–8 ಒತ್ತು. ಕನಿಷ್ಠ ಎಷ್ಟು ಎಂಬುದು ಇಂಜಿನ್‌ನಿಂದ ಇಂಜಿನ್‌ಗೆ ಬಹಳ ಬೇರೆ: ಫೋಕ್ಸ್‌ವ್ಯಾಗನ್ 1.6 ಡೀಸೆಲ್‌ಗೆ ಹೊಸತರಲ್ಲಿ 34 ಬಾರ್, ಸವೆತದ ಮಿತಿ 28. ಮರ್ಸಿಡಿಸ್ ಓಎಂ 617ಗೆ 22–24, ಮಿತಿ 15. ನಿಮ್ಮ ಇಂಜಿನ್‌ನ ಕೈಪಿಡಿಯ ಅಂಕಿಯನ್ನೇ ನಂಬಿ. ಸಿಲಿಂಡರ್‌ಗಳ ನಡುವಿನ ಅಂತರ 3–5 ಬಾರ್ ಮೀರಬಾರದು.

ಪೆಟ್ರೋಲ್ ಇಂಜಿನ್‌ನಲ್ಲಿ ಮಾಡುವಂತೆ ಸಿಲಿಂಡರಿಗೆ ಆಯಿಲ್ ಸುರಿದು ಮತ್ತೆ ಅಳೆಯಬೇಡಿ. 500 ಸಿಸಿ ಸಿಲಿಂಡರಿನಲ್ಲಿ 22:1 ಅನುಪಾತಕ್ಕೆ ಪಿಸ್ಟನ್ ಮೇಲಿದ್ದಾಗ ಉಳಿಯುವ ಜಾಗ ಸುಮಾರು 24 ಸಿಸಿ. ಎರಡು ಚಮಚ ಆಯಿಲ್ ಅದರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ತುಂಬಿ ಅಂಕಿಯನ್ನೇ ಸುಳ್ಳಾಗಿಸುತ್ತದೆ, ಇನ್ನೂ ಹೆಚ್ಚಾದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಇಷ್ಟೆಲ್ಲ ಸರಿಯಿದ್ದ ಮೇಲೆ ಪಂಪ್. ಅಲ್ಲಿಯೂ ಸಾಮಾನ್ಯವಾಗಿ ಸೋಲುವುದು ಲೋಹವಲ್ಲ, ರಬ್ಬರ್ ಸೀಲು. ಹಳೆಯ ನೈಟ್ರೈಲ್ ಸೀಲುಗಳು ಗಂಧಕ ಕಡಿಮೆಯಿರುವ ಇಂದಿನ ಡೀಸೆಲ್‌ನಲ್ಲಿ ಕುಗ್ಗಿ ಸೋರುತ್ತವೆ. ಬದಲಿಗೆ ವೈಟಾನ್ ಸೀಲಿನ ಕಿಟ್ ಹಾಕಿಸಿ. ಆಕ್ಸಿಲರೇಟರ್ ಲಿವರ್‌ನ ಕಡ್ಡಿ ಬುಡದಲ್ಲಿ ಒದ್ದೆಯಿದ್ದರೆ ಸೋರಿಕೆ ಅಲ್ಲೇ. ಪಂಪನ್ನು ಇಳಿಸಲೇಬೇಕಾದರೆ, ಒಂದೇ ಒಂದು ಬೋಲ್ಟ್ ಸಡಿಲಿಸುವ ಮೊದಲು ಪಂಪಿನ ಫ್ಲ್ಯಾಂಜ್ ಮತ್ತು ಅದು ಕೂತಿರುವ ಬ್ರಾಕೆಟ್ ಎರಡರ ಮೇಲೂ ಹಾದುಹೋಗುವಂತೆ ಉಳಿಯಿಂದ ಗೆರೆ ಕೊರೆಯಿರಿ, ಇಂಜಿನ್ನನ್ನು ಒಂದನೇ ಸಿಲಿಂಡರಿನ ಟಿಡಿಸಿ (ಪಿಸ್ಟನ್ ತೀರ ಮೇಲಿರುವ ಸ್ಥಾನ) ಗುರುತಿಗೆ ತಂದು ನಿಲ್ಲಿಸಿ. ಕೂರಿಸುವಾಗ ಆ ಗೆರೆ ಒಂದು ಮಿಲಿಮೀಟರ್ ಆಚೀಚೆ ಹೋದರೂ ಟೈಮಿಂಗ್ ಬದಲಾಗುತ್ತದೆ: ಮುಂದಾದರೆ ಬಡಿತ, ಹಿಂದಾದರೆ ಬಿಳಿ ಹೊಗೆ. ಗೆರೆ ಸಿಕ್ಕರೂ ಕೊನೆಯಲ್ಲಿ ಡಯಲ್ ಗೇಜ್ ಇಟ್ಟು ಪ್ಲಂಜರ್ (ಪಂಪಿನೊಳಗೆ ಡೀಸೆಲ್ ಒತ್ತುವ ಕಡ್ಡಿ) ಎತ್ತರ ಅಳೆದು, ಕೈಪಿಡಿಯ ಅಂಕಿಗೆ ತಾಳೆ ನೋಡಿಯೇ ಬೋಲ್ಟ್‌ಗಳನ್ನು ಪೂರ್ತಿ ಬಿಗಿಯಿರಿ.